ಇನಿಷಿಯಲ್ ಬಿಡಿಸಿ ಬರೆಯಿರಿ

ಮೂಲ್ಕಿಯ ಪಕ್ಕದಲ್ಲಿ ಕಾರ್ನಾಡು ಎಂಬ ಊರಿದೆ. ಆ ಊರೊಳಗೆ ಯಾರನ್ನಾದರೂ ‘ಕಾರ್ನಾಡ’ ಎಂದು ಕರೆದರೆ ಏನೂ ಹೇಳಿದಂತಾಗುವುದಿಲ್ಲ, ಅಲ್ಲಿ ಎಲ್ಲರೂ ಕಾರ್ನಾಡಿನವರೇ. ಆ ಹೆಸರು ಒಬ್ಬರಿಗೆ ಅಂಟಿಕೊಳ್ಳಬೇಕಾದರೆ ಅವರ ಹಿರಿಯರಲ್ಲಿ ಯಾರೋ ಒಬ್ಬರು ಗಂಟುಮೂಟೆ ಕಟ್ಟಿ ಅಲ್ಲಿಂದ ಹೊರಟಿರಬೇಕು. ಗಿರೀಶ ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ, ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಪಡುಕೋಣೆ ಉಡುಪಿ ಜಿಲ್ಲೆಯ ಹಳ್ಳಿ. ಆ ಹೆಸರು ಹೊತ್ತ ಗುರುದತ್ತ 1925ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಮುಂಬೈಯ ಸಿನಿಮಾಕ್ಕೆ ಹೋದ ಮೇಲೆ ಪಡುಕೋಣೆಯನ್ನು ಕಳಚಿಟ್ಟು ಬರೀ ಗುರುದತ್ ಆದರು. ಬಹಳ ಮಂದಿ ಅವರನ್ನು ಬಂಗಾಳಿ ಎಂದುಕೊಂಡರು. ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯವರು, ಆದರೆ ಅವರ ಹೆಸರಿನ ಮೊದಲಿಗಿರುವ ‘ಎಂ’ ಮುದ್ದೇನಹಳ್ಳಿಯದಲ್ಲ. ಅದು ಮೋಕ್ಷಗುಂಡಂ, ಅವರ ಪೂರ್ವಿಕರು ಬಿಟ್ಟುಬಂದ ಆಂಧ್ರದ ಊರು.

ಊರ ಹೆಸರಿನ ಅಡ್ಡಹೆಸರು ಊರು ಬಿಟ್ಟವರಿಗೆ ಮಾತ್ರ ಸಿಗುತ್ತದೆ. ಊರಲ್ಲಿರುವಷ್ಟು ದಿನ ‘ಯಾರ ಮಗ’ ಎಂದರೆ ಸಾಕು. ಹೊರಗೆ ಕಾಲಿಟ್ಟ ಮೇಲೆ ಪರಸ್ಥಳದವರು ಬೇರೆ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಕೊಟ್ಟ ಉತ್ತರವೇ ಮುಂದೆ ಹೆಸರಾಗಿ ನಿಲ್ಲುತ್ತದೆ. ಆದ್ದರಿಂದ ಅಡ್ಡಹೆಸರುಗಳ ಕತೆ ಹೇಳುವಾಗ ಹೆಸರು ಯಾರದು ಎಂಬುದಕ್ಕಿಂತ, ಪ್ರಶ್ನೆ ಕೇಳಿದವರು ಯಾರು, ಯಾಕೆ ಕೇಳಿದರು ಎಂದು ನೋಡುವುದು ಹೆಚ್ಚು ಉಪಯುಕ್ತ ಎಂದು ನನಗೆ ಅನಿಸಿದೆ.

ಅತ್ತಿಗುಪ್ಪೆಯ ಆಸುಪಾಸಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಪ್ರತಿವರ್ಷ ಹೊಸ ಹಾಜರಿ ಪುಸ್ತಕ ಕೈಗೆ ಬಂದಾಗ ಅದನ್ನು ಒಮ್ಮೆ ಕತೆಪುಸ್ತಕದ ಹಾಗೆ ಓದುವ ಅಭ್ಯಾಸ ನನಗಿದೆ. ಕರ್ನಾಟಕದ ನಕ್ಷೆಯೇ ಅದರಲ್ಲಿರುತ್ತದೆ. ಹಳೇ ಮೈಸೂರಿನ ಮಕ್ಕಳ ಹೆಸರಿಗೆ ಎರಡು ಇನಿಷಿಯಲ್: ಒಂದು ಊರಿನದು, ಒಂದು ಅಪ್ಪನದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬ ಹಾಗೆ ಊರು, ತಂದೆ, ತಾನು. ಹೆಸರು ಎನ್ನುವುದಕ್ಕಿಂತ ಅದೊಂದು ಸಣ್ಣ ವಿಳಾಸ. ಹಿಂದಿನವರು ಇನಿಷಿಯಲ್ಲುಗಳನ್ನು ಹೆಸರಿನ ಮುಂದೆ ಹಾಕುತ್ತಿದ್ದರು, ಈಗಿನ ಮಕ್ಕಳದು ಹೆಸರಿನ ಬಾಲಕ್ಕೆ ಹೋಗಿದೆ. ಕೊಡವರ ಮಕ್ಕಳಿಗೆ ಒಕ್ಕದ ಹೆಸರಿರುತ್ತದೆ. ಕಾರ್ಯಪ್ಪನವರೂ ತಿಮ್ಮಯ್ಯನವರೂ ಇಬ್ಬರೂ ಕೊಡಂದೇರ. ಕರಾವಳಿಯಿಂದ ಬಂದವರಲ್ಲಿ ಶೆಟ್ಟಿ, ರೈ, ಭಟ್, ಕಾಮತ್. ಮಂಗಳೂರಿನ ಕ್ರೈಸ್ತರ ಡಿಸೋಜ, ಪಿಂಟೊ, ಲೋಬೊಗಳು ಪೋರ್ಚುಗೀಸರ ಕಾಲದಲ್ಲಿ ಗೋವೆಯಲ್ಲಿ ಬಂದ ಹೆಸರುಗಳು. ಅಲ್ಲಿಂದ ಕರಾವಳಿಗೆ ವಲಸೆ ಬಂದ ಕೆಲವು ಮನೆಗಳಲ್ಲಿ ‘ನಾವು ಮೊದಲು ಪ್ರಭುಗಳು’, ‘ನಾವು ಪೈಗಳು’ ಎಂಬ ನೆನಪು ಇಂದಿಗೂ ಉಳಿದಿದೆ. ಒಂದು ಹೆಸರಿನ ಕೆಳಗೆ ಇನ್ನೊಂದು, ಪಾಯದ ಕೆಳಗಿನ ಹಳೇ ಪಾಯದಂತೆ.

ಇನ್ನು ಉತ್ತರ ಕರ್ನಾಟಕದ ಮಕ್ಕಳು. ಇವರದು ಪೂರ್ತಿ ಅಡ್ಡಹೆಸರು. ಅಧಿಕಾರದಿಂದ ಬಂದ ಪಾಟೀಲ, ದೇಸಾಯಿ, ಕುಲಕರ್ಣಿ. ಮಠದಿಂದ ಬಂದ ಹಿರೇಮಠ. ಊರಿಂದ ಬಂದ ಕಿತ್ತೂರ, ಹುಬ್ಬಳ್ಳಿ. ಅಡುಗೆಮನೆಯಿಂದಲೋ ಸಂತೆಯಿಂದಲೋ ಬಂದ ಮೆಣಸಿನಕಾಯಿ, ಉಳ್ಳಾಗಡ್ಡಿ. ಕಸುಬಿನಿಂದ ಬಂದ ಕುಂಬಾರ, ಹೂಗಾರ, ಮಡಿವಾಳರ, ಗಾಣಿಗೇರ, ಹಡಪದ. ಕಂಬಾರರ ಹೆಸರಿನಲ್ಲೇ ಕಮ್ಮಾರಸಾಲೆ ಇದೆ. ನಾನು ಈ ಕೊನೆಯ ಗುಂಪಿನವಳು. ನಮ್ಮದು ಬಡಿಗೇರ.

ಕನ್ನಡ ಮೇಷ್ಟರ ಚಾಳಿ, ಸ್ವಲ್ಪ ವ್ಯಾಕರಣ ಹೇಳದೆ ಇರಲಾರೆ. ಮಡಿವಾಳರ, ಗಾಣಿಗೇರ, ಬಡಿಗೇರ — ಇವು ಪ್ರಥಮಾ ವಿಭಕ್ತಿಯ ಹೆಸರುಗಳಲ್ಲ, ಷಷ್ಠಿ. ‘ಬಡಿಗೇರು’ ಎಂದರೆ ಬಡಿಗರು, ಮರಗೆಲಸದವರು. ‘ಬಡಿಗೇರ’ ಎಂದರೆ ಬಡಿಗರ. ಬಡಿಗರ ಏನು? ಮುಂದೆ ಒಂದು ನಾಮಪದ ಬರಬೇಕು. ಆ ನಾಮಪದ ‘ಮನೆ’. ‘ನೀ ಯಾರ ಮನಿಯಾಕಿ?’ ಎಂದು ಊರಲ್ಲಿ ಕೇಳಿದರೆ ‘ಬಡಿಗೇರ ಮನಿಯಾಕಿ’ ಎನ್ನುತ್ತಾರೆ. ದೇವನೂರ ಮಹಾದೇವರ ‘ದೇವನೂರ’ದಲ್ಲಿರುವುದೂ ಅದೇ ಷಷ್ಠಿ. ನಮ್ಮ ಅಪ್ಪ ಊರು ಬಿಟ್ಟಾಗ ಮನೆ ಹಿಂದೆಯೇ ಉಳಿಯಿತು, ವಿಭಕ್ತಿ ಪ್ರತ್ಯಯ ಮಾತ್ರ ಅವರ ಜೊತೆ ಬಸ್ಸು ಹತ್ತಿತು.

ಆ ಮನೆ ಇದ್ದದ್ದು ಹುನಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಆಗ ವಿಜಾಪುರ ಜಿಲ್ಲೆ, 1997ರ ನಂತರ ಬಾಗಲಕೋಟೆ ಜಿಲ್ಲೆ. ನಮ್ಮಜ್ಜ ಕೂರಿಗೆ, ಕುಂಟೆ, ಚಕ್ಕಡಿಯ ಗಾಲಿ, ಬಾಗಿಲ ಚೌಕಟ್ಟು, ತೊಟ್ಟಿಲು ಎಲ್ಲ ಮಾಡುತ್ತಿದ್ದ. ದುಡ್ಡಿನ ವ್ಯವಹಾರ ಕಡಿಮೆ. ಸುಗ್ಗಿಯಲ್ಲಿ ರೈತರು ಆಯ ಕೊಡುತ್ತಿದ್ದರು, ಇಷ್ಟು ಜೋಳ, ಇಷ್ಟು ಕಡಲೆ. ಕಬ್ಬಿಣದ ಸಾಮಾನು ಬಂತು, ಟ್ರ್ಯಾಕ್ಟರ್ ಬಂತು, ಆಯ ಕರಗಿತು. 1984ರಲ್ಲಿ ಅಪ್ಪ ಬಾಚಿ, ಉಳಿ, ಗರಗಸಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಬಂದರು. ವಿಜಯನಗರದ ಸುತ್ತ ಮನೆಗಳು ಏಳುತ್ತಿದ್ದ ಕಾಲ. ಬಾಗಿಲು, ಕಿಟಕಿ ಕೂರಿಸುವವರಿಗೆ ಕೆಲಸಕ್ಕೆ ಬರವಿರಲಿಲ್ಲ. ಬರವಿದ್ದದ್ದು ಬಾಡಿಗೆ ಮನೆಗೆ.

ಅತ್ತಿಗುಪ್ಪೆಯಲ್ಲಿ ಒಂದು ವಠಾರದ ಮನೆ ನೋಡಲು ಹೋದಾಗ ನಡೆದ ಮಾತನ್ನು ಅಪ್ಪ ಇವತ್ತಿಗೂ ನಗುತ್ತ ಹೇಳುತ್ತಾರೆ. ಮನೆ ಮಾಲೀಕರು ‘ಯಾರಪ್ಪಾ?’ ಅಂದರು. ‘ಬಡಿಗೇರ್ರೀ’ ಅಂದರು ಅಪ್ಪ. ‘ಬಾಡಿಗೆಯೋರು ಅಂತ ಗೊತ್ತಾಯ್ತು ಕಣಪ್ಪ, ಬಾಡಿಗೆಗೇ ತಾನೆ ಬಂದಿರೋದು. ಹೆಸ್ರೇನು?’ ‘ಹೆಸರನಾ ಅದರೀ, ಬಡಿಗೇರ.’ ಕೊನೆಗೆ ಅಪ್ಪ ಕೈಯಲ್ಲಿ ಉಜ್ಜುವ ಅಭಿನಯ ಮಾಡಿ ತೋರಿಸಿದಾಗ ‘ಓ, ಆಚಾರಿಗಳಾ! ಮೊದ್ಲೇ ಹೇಳ್ಬಾರದಾ’ ಎಂದು ಮನೆ ಕೊಟ್ಟರಂತೆ. ಹನ್ನೊಂದು ವರ್ಷ ಆ ವಠಾರದಲ್ಲಿದ್ದೆವು, ಆ ಹನ್ನೊಂದು ವರ್ಷವೂ ಅಪ್ಪ ‘ಆಚಾರ್ರೇ’. ಕಸುಬು ಅದೇ, ಕೈಗಳು ಅವೇ. ನಾಡು ಬದಲಾದದ್ದಕ್ಕೆ ಹೆಸರು ಬದಲಾಯಿತು.

ಊರೂ ಹೆಸರು ಬದಲಿಸುತ್ತದೆ. ಅತ್ತಿಗುಪ್ಪೆಯಲ್ಲಿರುವುದು ಅತ್ತಿಮರ, ಗುಪ್ಪೆ ಎಂದರೆ ರಾಶಿ, ದಿಬ್ಬ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯ ಹಳೆಯ ಹೆಸರೂ ಅತ್ತಿಗುಪ್ಪೆಯೇ. ಒಡೆಯರ ಗೌರವಕ್ಕೆ ಅದು ಕೆ.ಆರ್. ಪೇಟೆಯಾಯಿತು. ಬೆಂಗಳೂರಿನ ಅತ್ತಿಗುಪ್ಪೆ ಹಳ್ಳಿ ಬಡಾವಣೆಗಳ ನಡುವೆ ಕರಗಿಹೋದರೂ ಹೆಸರು ಉಳಿಸಿಕೊಂಡಿತು, 2015ರಲ್ಲಿ ಮೆಟ್ರೋ ನಿಲ್ದಾಣದ ಫಲಕಕ್ಕೂ ಏರಿತು. ಆದರೆ ಆ ಇನ್ನೊಂದು ಅತ್ತಿಗುಪ್ಪೆಯಿಂದ ಹೊರಟ ಮನೆಯೊಂದು ಊರಿನ ಇನಿಷಿಯಲ್ ಆಗಿ ‘ಎ’ ಇಟ್ಟುಕೊಂಡಿದ್ದರೆ, ಮೊಮ್ಮಕ್ಕಳು ಆ ‘ಎ’ಯನ್ನು ಯಾವ ನಕ್ಷೆಯಲ್ಲಿ ಹುಡುಕಬೇಕು? ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಕಡೆಯ ಹಳ್ಳಿಗಳ ಹೆಸರುಗಳಂತೂ ಈಗ ದಾಖಲೆಗಳಲ್ಲಿ, ಪುನರ್ವಸತಿ ಕೇಂದ್ರಗಳ ಫಲಕಗಳಲ್ಲಿ ಮತ್ತು ಕೆಲವರ ಅಡ್ಡಹೆಸರುಗಳಲ್ಲಿ ಬದುಕಿವೆ.

ನನ್ನನ್ನು ಶಾಲೆಗೆ ಸೇರಿಸುವಾಗ ಪ್ರಶ್ನೆ ಮತ್ತೆ ಬದಲಾಯಿತು. ಅಲ್ಲಿ ‘ಅಡ್ಡಹೆಸರು ಏನು’ ಎಂದು ಯಾರೂ ಕೇಳಲಿಲ್ಲ. ‘ಇನಿಷಿಯಲ್ ಏನು?’ ಎಂದರು. ಅಪ್ಪ ತಮ್ಮ ಹೆಸರು ಹೇಳಿದರು, ಬಡಿಗೇರ ಎಂದೂ ಹೇಳಿದರು. ಮೇಡಮ್ ನನ್ನ ಹೆಸರಿನ ಹಿಂದೆ ಎಂ. ಬಿ. ಎಂದು ಬರೆದುಕೊಂಡರು. ಅಜ್ಜನ ಬಾಚಿ, ಕೂರಿಗೆ, ಆಯ ಎಲ್ಲ ಸೇರಿ ಒಂದು ‘ಬಿ’ಯೊಳಗೆ ಕೂತವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಅದೇ ಹೋಯಿತು. ಅಲ್ಲಿಗೆ ಹೋದದ್ದು ಈ ದೇಶದಲ್ಲಿ ಕಲ್ಲಿನ ಮೇಲೆ ಬರೆದಂತೆ. ತರಗತಿಯಲ್ಲಿ ಯಾರಾದರೂ ‘ಬಿ ಅಂದ್ರೇನೇ?’ ಎಂದರೆ ‘ಬಾಗಲಕೋಟೆ’, ‘ಬೆಂಗಳೂರು’, ‘ಬಿಸ್ಕತ್ತು’ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಕೇಳಿದವರು ನಂಬುತ್ತಿದ್ದರು. ಇನಿಷಿಯಲ್ಲಿನ ಈ ಗುಣ, ಅಂದರೆ ಅದು ಏನು ಬೇಕಾದರೂ ಆಗಬಲ್ಲದು ಎಂಬುದು, ನನಗೆ ಆಗ ಆಟವಾಗಿತ್ತು.

ಅವ್ವನ ಕತೆ ಇನ್ನೂ ಚಿಕ್ಕದು. ಅವಳು ಇಳಕಲ್ಲಿನ ಪತ್ತಾರರ ಮನೆಯವಳು, ಅಂದರೆ ಅಕ್ಕಸಾಲಿಗರ ಮಗಳು. ಮದುವೆಯಾದ ದಿನ ಬಡಿಗೇರಳಾದಳು. ಬೆಂಗಳೂರಿಗೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ‘ಇಂಥವರ ಹೆಂಡತಿ’ ಆದಳು. ಷಷ್ಠೀ ವಿಭಕ್ತಿ ಅವಳ ಬೆನ್ನು ಬಿಡಲಿಲ್ಲ. ಅವಳು ಎಷ್ಟು ಸಲ ಮನೆ ಬದಲಿಸಿದಳೋ ಅಷ್ಟು ಸಲ ಹೆಸರು ಬದಲಿಸಿದಳು, ಮತ್ತು ಅದನ್ನು ಯಾರೂ ವಲಸೆ ಎಂದು ಕರೆಯಲಿಲ್ಲ.

ಕಸುಬಿನ ಹೆಸರು ಯಾವಾಗಲೂ ಹೀಗೆ ಅಂಚಿಗೆ ಸರಿಯುವ ಹೆಸರಾಗಿರಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅದು ಮೊದಲು ಬರುತ್ತಿತ್ತು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಬಾಚಿಕಾಯಕದ ಬಸವಯ್ಯ. ಈ ಕೊನೆಯವರನ್ನು ನಮ್ಮ ಮನೆಯಲ್ಲಿ ‘ನಮ್ಮವರು’ ಎನ್ನುತ್ತಿದ್ದರು, ಬಾಚಿ ಹಿಡಿದವರು ಎಂಬ ಸಲುಗೆಯಿಂದ. ಕಲ್ಯಾಣವೂ ವಲಸಿಗರ ಊರೇ. ಕಾಶ್ಮೀರದ ರಾಜನಾಗಿದ್ದವನು ಅಲ್ಲಿಗೆ ಬಂದು, ಸೌದೆಯ ಹೊರೆ ಮಾರಿ ಬದುಕಿ, ಮೋಳಿಗೆಯ ಮಾರಯ್ಯನಾದ ಎಂಬ ಪ್ರತೀತಿಯಿದೆ. ಅರಸನ ಹೆಸರು ಬಿಟ್ಟು ಸೌದೆ ಹೊರೆಯ ಹೆಸರು ಇಟ್ಟುಕೊಂಡವನ ಕತೆ ಅದು. ಅಲ್ಲಿ ಕೇಳುತ್ತಿದ್ದ ಪ್ರಶ್ನೆ ‘ನಿನ್ನ ಕಾಯಕ ಯಾವುದು?’ ಎಂಬುದು. ಕೇಳಿದ್ದು ಒಳಗೆ ಕರೆಯುವುದಕ್ಕೆ. ಅದೇ ಪ್ರಶ್ನೆಯನ್ನು ಹೊರಗೆ ನಿಲ್ಲಿಸುವುದಕ್ಕೂ ಕೇಳಬಹುದು ಎಂದು ನನಗೆ ಮನದಟ್ಟಾದದ್ದು ಒಬ್ಬ ಗೆಳೆಯನಿಂದ.

ನಾವಿಬ್ಬರೂ ಜ್ಞಾನಭಾರತಿಯಲ್ಲಿ ಎಂ.ಎ. ಓದಿದವರು. ಅವನೂ ನಮ್ಮ ಕಡೆಯವನೇ, ಮುಧೋಳದವನು. ಅವನ ಮನೆತನದ ಹೆಸರು ಮಾದರ. ಊರಿನ ಶಾಲೆಯ ದಾಖಲೆಯಲ್ಲಿ ಅದು ಪೂರ್ತಿಯಾಗಿತ್ತು. ಬೆಂಗಳೂರಿನಲ್ಲಿ ಅವನು ಹೆಸರಿನ ಹಿಂದೆ ಬರೀ ‘ಎಂ’ ಇಟ್ಟುಕೊಂಡ. ಮದುವೆಯಾಗಿ ಮನೆ ಹುಡುಕಲು ಶುರುಮಾಡಿದಾಗ ನಾನೂ ಕೆಲವು ಸಲ ಜೊತೆಗೆ ಹೋಗಿದ್ದೆ. ಚಂದ್ರಾ ಲೇಔಟ್, ಮೂಡಲಪಾಳ್ಯ, ಅತ್ತಿಗುಪ್ಪೆಯ ಬೀದಿಗಳಲ್ಲಿ ‘ಮನೆ ಬಾಡಿಗೆಗಿದೆ’ ಬೋರ್ಡು ಕಂಡಲ್ಲೆಲ್ಲ ನಿಲ್ಲುತ್ತಿದ್ದೆವು. ಬಾಡಿಗೆ, ಅಡ್ವಾನ್ಸು, ನೀರು ಎಲ್ಲ ಮಾತಾದ ಮೇಲೆ ಸಹಜವೆಂಬಂತೆ ಬರುವ ಒಂದು ಪ್ರಶ್ನೆಯಿತ್ತು: ‘ನಿಮ್ಮ ಪೂರ್ತಿ ಹೆಸರು?’ ಆಮೇಲೆ ‘ನಮಗೇನಿಲ್ಲ, ಮನೇಲಿ ದೊಡ್ಡವರಿದ್ದಾರೆ’ ಎಂಬ ಮಾತು. ಎರಡು ಕಡೆ ಅವನು ಪೂರ್ತಿ ಹೆಸರನ್ನೇ ಹೇಳಿದ. ಒಂದು ಕಡೆ ಆಗಲೇ ಬೇರೆಯವರು ಅಡ್ವಾನ್ಸ್ ಕೊಟ್ಟಿದ್ದಾರೆ ಎಂಬುದು ಮಾಲೀಕರಿಗೆ ಆ ಕ್ಷಣದಲ್ಲಿ ನೆನಪಾಯಿತು. ಇನ್ನೊಂದು ಕಡೆ ಫೋನ್ ಮಾಡುತ್ತೇವೆ ಎಂದವರು ಮಾಡಲಿಲ್ಲ.

ಮೂರನೆಯ ಮನೆಯಲ್ಲಿ ‘ಎಂ ಅಂದ್ರೆ?’ ಎಂದರು. ಅವನು ಒಂದು ಗಳಿಗೆ ಸುಮ್ಮನಿದ್ದು ‘ಮುಧೋಳ್ರೀ’ ಅಂದ. ‘ಓ, ಆ ನಾಯಿಗಳ ಊರು! ಗೊತ್ತು ಗೊತ್ತು’ ಎಂದು ಅವರ ಮುಖ ಅರಳಿತು. ಮುಧೋಳ ನಾಯಿಯ ಬಗ್ಗೆ ಐದು ನಿಮಿಷ ಮಾತಾಡಿ ಬೀಗದ ಕೈ ಕೊಟ್ಟರು. ಮೆಟ್ಟಿಲಿಳಿಯುವಾಗ ಗೆಳೆಯ ‘ರನ್ನನ ಊರು ಅಂತ ಗೊತ್ತಿಲ್ಲ ನೋಡು ಅವರಿಗೆ’ ಎಂದಷ್ಟೇ ಹೇಳಿದ. ಬಳೆಗಾರರ ಮನೆಯ ಹುಡುಗ ರನ್ನ.

ಅವತ್ತು ನನ್ನ ಕಣ್ಣೆದುರಿಗೇ ಒಂದು ಅಡ್ಡಹೆಸರು ಹುಟ್ಟಿತು. ಮಾದರ ಕುಗ್ಗಿ ‘ಎಂ’ ಆಗಿತ್ತು, ‘ಎಂ’ ಹಿಗ್ಗಿ ಮುಧೋಳವಾಯಿತು. ಮಗಳು ಹುಟ್ಟಿದಾಗ ಜನನ ಪ್ರಮಾಣಪತ್ರದಲ್ಲಿ ಮುಧೋಳ ಎಂದೇ ಬರೆಸಿದ. ನೂರು ವರ್ಷದ ನಂತರ ಯಾರಾದರೂ ಆ ಮನೆತನದ ಚರಿತ್ರೆ ಬರೆದರೆ, ಊರಿನಿಂದ ಬಂದ ಹೆಸರು, ಕಾರ್ನಾಡ ಪಡುಕೋಣೆಗಳಂತೆ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದು.

ಇನಿಷಿಯಲ್ಲು ನನಗೆ ಅಜ್ಜನ ಕಸುಬನ್ನು ನುಂಗಿದ ಅಕ್ಷರ, ಅವನಿಗೆ ತಲೆ ಮೇಲಿನ ಸೂರು. ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನ ಜಾತಿಸೂಚಕ ಹೆಸರುಗಳನ್ನು ಬಿಡಿ ಎಂದು ಕರೆಕೊಟ್ಟಿತು. ನಮ್ಮಲ್ಲಿ ಅಂಥ ಒಂದು ದೊಡ್ಡ ಗೊತ್ತುವಳಿ ಇಲ್ಲದೆಯೂ ಹಳೇ ಮೈಸೂರಿನ ಊರು–ಅಪ್ಪ ಪದ್ಧತಿ ಸದ್ದಿಲ್ಲದೆ ಸ್ವಲ್ಪ ಆ ಕೆಲಸ ಮಾಡಿತು. ಸಾಹಿತ್ಯದಲ್ಲಿ ನೋಡಿ: ದೇವನೂರ ಮಹಾದೇವ, ಬರಗೂರು ರಾಮಚಂದ್ರಪ್ಪ, ಬೊಳುವಾರು ಮಹಮದ್ ಕುಂಞಿ. ಮೂರು ಸಮುದಾಯ, ಒಂದೇ ರೀತಿ. ಊರು ಎಲ್ಲರಿಗೂ ಸಮಾನವಾಗಿ ಸಿಗುವ ಹೆಸರು. ಆದರೆ ನನ್ನ ಹಾಜರಿ ಪುಸ್ತಕದಲ್ಲಿ ಈಚೆಗೆ ಇದರ ಉಲ್ಟಾ ಕಾಣುತ್ತಿದೆ. ಅಪ್ಪನ ಹೆಸರಿನಲ್ಲಿ ಇರದ ಜಾತಿಸೂಚಕ ಪದ ಮಗನ ಹೆಸರಿನ ಕೊನೆಗೆ ಬಂದು ಕೂರುತ್ತಿದೆ, ಬೈಕಿನ ನಂಬರ್ ಪ್ಲೇಟಿನ ಮೇಲೂ ಬರುತ್ತಿದೆ. ಕೆಲವರು ಹೆಸರನ್ನು ಬಿಚ್ಚಿಡಲು ಪಡುವ ಕಷ್ಟ ಇನ್ನು ಕೆಲವರಿಗೆ ಹೊದ್ದುಕೊಳ್ಳುವ ಸಡಗರ.

ಮನೆ ಮಾಲೀಕರಂತೆ ಸರಕಾರಗಳೂ ಪೂರ್ತಿ ಹೆಸರು ಕೇಳುತ್ತವೆ. ಫಿಲಿಪೀನ್ಸಿನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೇರಿಯಾ ಅಡ್ಡಹೆಸರುಗಳ ಒಂದು ಪಟ್ಟಿಯನ್ನೇ ಹಂಚಿದ. ಕೆಲವು ಊರುಗಳಿಗೆ ಪಟ್ಟಿಯ ಒಂದೊಂದು ಭಾಗ ಮಾತ್ರ ಹೋಗಿ, ಊರಿಗೆ ಊರೇ ಒಂದೇ ಅಕ್ಷರದ ಹೆಸರಿನವರಾದರು. ಜಪಾನಿನಲ್ಲಿ 1875ರಲ್ಲಿ, ತುರ್ಕಿಯಲ್ಲಿ 1934ರಲ್ಲಿ ಅಡ್ಡಹೆಸರು ಕಡ್ಡಾಯವಾಯಿತು. ತೆರಿಗೆ, ಸೈನ್ಯ, ಜನಗಣತಿ ಇವೆಲ್ಲಕ್ಕೂ ಮನುಷ್ಯನನ್ನು ಪಟ್ಟಿಯಲ್ಲಿ ಹುಡುಕಲು ಒಂದು ಹಿಡಿ ಬೇಕು. ಅಮೆರಿಕಕ್ಕೆ ಹೋದವರ ಹೆಸರುಗಳನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಗುಮಾಸ್ತರು ಮನಬಂದಂತೆ ಬದಲಿಸಿದರು ಎಂಬ ಕತೆ ಬಹಳ ಜನಪ್ರಿಯ. 1892ರಿಂದ 1954ರವರೆಗೆ ನಡೆದ ಆ ಕೇಂದ್ರದ ಅಧಿಕಾರಿಗಳು ನೋಡುತ್ತಿದ್ದದ್ದು ಹಡಗು ಹೊರಟಲ್ಲೇ ಬರೆದ ಪ್ರಯಾಣಿಕರ ಪಟ್ಟಿಯನ್ನು. ಹೆಸರು ಬದಲಾದದ್ದು ಬಹುಮಟ್ಟಿಗೆ ಆಮೇಲೆ, ಅಂಗಡಿ ತೆರೆಯುವಾಗ, ಕೆಲಸ ಕೇಳುವಾಗ, ಮನೆ ಹುಡುಕುವಾಗ, ಬದಲಿಸಿಕೊಂಡವರ ಕೈಯಿಂದಲೇ. ಅಂದರೆ ಹೆಚ್ಚು ಕಡಿಮೆ ನನ್ನ ಗೆಳೆಯನ ದಾರಿ.

ನಮ್ಮ ಪಾಸ್‌ಪೋರ್ಟ್ ಅರ್ಜಿಗೆ ಇನಿಷಿಯಲ್ ಎಂದರೆ ಆಗದು. ಬಿಡಿಸಿ ಬರೆಯಬೇಕು, ಮತ್ತು ಕೊಟ್ಟ ಹೆಸರು ಒಂದು ಕಾಲಮ್ಮಿನಲ್ಲಿ, ಉಪನಾಮ ಇನ್ನೊಂದರಲ್ಲಿ. ಉಪನಾಮವೇ ಇಲ್ಲದ ಹಳೇ ಮೈಸೂರಿನವರು ಆ ಕಾಲಂ ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಅವರ ಹೆಸರೆಲ್ಲ ಉಪನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ತೊಟ್ಟಿಲಲ್ಲಿ ಹಾಕಿ ನಾಲ್ಕು ಮುತ್ತೈದೆಯರು ಕಿವಿಯಲ್ಲಿ ಕೂಗಿ ಇಟ್ಟ ಹೆಸರು! 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದಿತು. ಈ ತಾಪತ್ರಯ ಬೇಡವೆಂದು ಬಹಳಷ್ಟು ಕನ್ನಡಿಗರು ಅಪ್ಪನ ಹೆಸರನ್ನು ಉಪನಾಮದ ಕಾಲಮ್ಮಿಗೆ ಹಾಕುತ್ತಾರೆ. ಹಾಸನದ ಯಾವುದೋ ಹಳ್ಳಿಯ ಶಿವಣ್ಣ ಎಂಬ ರೈತನ ಹೆಸರು ನ್ಯೂಜೆರ್ಸಿಯ ಸೊಸೆಗೂ ಮೊಮ್ಮಕ್ಕಳಿಗೂ ಮನೆತನದ ಹೆಸರಾಗುವುದು ಹೀಗೆ. ಆ ಮಕ್ಕಳ ಮಕ್ಕಳಿಗೆ ಶಿವಣ್ಣ ಒಬ್ಬ ಮನುಷ್ಯನಾಗಿದ್ದ ಎಂಬುದು ತಿಳಿದಿರುತ್ತದೋ ಇಲ್ಲವೋ.

ನನ್ನ ತಮ್ಮ ಈ ಕಾಲಮ್ಮಿನಲ್ಲಿ ‘ಬಿ’ಯನ್ನು ಬಿ-ಎ-ಡಿ-ಐ-ಜಿ-ಇ-ಆರ್ ಎಂದು ಏಳು ಅಕ್ಷರವಾಗಿ ಬಿಡಿಸಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿಗೆ ಹೋದ. ಅಲ್ಲಿನವರು ಅದನ್ನು ಓದಿದ ರೀತಿ ‘ಬ್ಯಾಡ್ಜರ್’. ಬ್ಯಾಡ್ಜರ್ ಬಿಲ ತೋಡುವ ಒಂದು ಪ್ರಾಣಿ, ಮತ್ತು ಆ ರಾಜ್ಯದ ಅಡ್ಡಹೆಸರೇ ಅದು. ಅಲ್ಲಿನ ವಿಶ್ವವಿದ್ಯಾಲಯದ ತಂಡಗಳೂ ಬ್ಯಾಡ್ಜರ್‌ಗಳೇ. ಅದು ಬಂದದ್ದು ಪ್ರಾಣಿಯಿಂದ ನೇರವಾಗಿ ಅಲ್ಲವಂತೆ. 19ನೆಯ ಶತಮಾನದ ಮೊದಲರ್ಧದಲ್ಲಿ ಸೀಸದ ಗಣಿಗೆ ದುಡಿಯಲು ಬಂದ ವಲಸಿಗರು ಮನೆ ಕಟ್ಟುವಷ್ಟು ಅನುಕೂಲವಿಲ್ಲದೆ ಗುಡ್ಡದಲ್ಲಿ ಬಿಲ ತೋಡಿಕೊಂಡು ಚಳಿಗಾಲ ಕಳೆದರು, ಅವರನ್ನು ಬ್ಯಾಡ್ಜರ್ ಎಂದರು. ತಮ್ಮ ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ, ‘ಅವರೂ ಬಾಡಗಿ ಮನಿ ಸಿಗದವರನ’ ಎಂದು ತೀರ್ಮಾನಿಸಿದರು.

ಪಕ್ಕದ ಮಿನೆಸೋಟಾದಲ್ಲಿ 1941ರಲ್ಲಿ ಹುಟ್ಟಿದ ಒಬ್ಬ ಗಾಯಕನ ಮನೆತನದ ಹೆಸರು ಝಿಮ್ಮರ್‌ಮನ್. ಅವನ ಅಜ್ಜ ಅಜ್ಜಿ ಒಡೆಸ್ಸಾದಿಂದ ವಲಸೆ ಬಂದವರು. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ಮರಗೆಲಸದವನು, ಬಡಿಗೇರ, ಎಂದೇ ಅರ್ಥ. ಅವನು 1962ರಲ್ಲಿ ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡು ಬಾಬ್ ಡಿಲನ್ ಆದ. ತಮ್ಮನಿಗೆ ಮಗ ಹುಟ್ಟಿದಾಗ ಈ ಉದಾಹರಣೆಯನ್ನೇ ಮುಂದಿಟ್ಟ. ಬಡಿಗೇರ ಯಾರ ಬಾಯಲ್ಲೂ ಸರಿಯಾಗಿ ಹೊರಳುವುದಿಲ್ಲ, ಮಗುವಿಗೆ ಅಪ್ಪನ ಹೆಸರನ್ನೇ ಉಪನಾಮ ಮಾಡುತ್ತೇನೆ, ನಿಮ್ಮ ಹೆಸರೂ ಉಳಿಯುತ್ತದೆ ಎಂದ. ಅಪ್ಪನಿಗೆ ಖುಷಿಯಾಗಬಹುದು ಎಂದು ಅವನ ಲೆಕ್ಕ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅವರು ಕೆಲಸ ಬಿಟ್ಟು ಆಗ ನಾಲ್ಕು ವರ್ಷವಾಗಿತ್ತು, ಬೆರಳ ಗಂಟುಗಳು ಬಾತು ಉಳಿ ಹಿಡಿಯಲಾಗುತ್ತಿರಲಿಲ್ಲ. ‘ನನ್ನ ಹೆಸರ ನನ್ನ ಜೋಡಿ ಹೋಗ್ಲಿ. ಅದೇನ್ ದೊಡ್ಡದಲ್ಲ. ಆ ಕೂಸಿಗೆ ಬಾಚಿ ಹಿಡ್ಯಾಕ ಬರಂಗಿಲ್ಲ, ಬರೂದೂ ಬ್ಯಾಡ. ಹೆಸರರೆ ಇರ್ಲಿ ಬಿಡು’ ಅಂದರು. ಮಗುವಿನ ಹೆಸರಿನ ಕೊನೆಗೆ ಆ ಏಳು ಅಕ್ಷರ ಬಂದವು. ಅದಕ್ಕೀಗ ಆರು ವರ್ಷ, ಕೆಂಪು ಬ್ಯಾಡ್ಜರ್ ಅಂಗಿ ತೊಟ್ಟು, ಇದು ನಮ್ಮ ಮನೆ ಹೆಸರಿನ ಅಂಗಿ ಎಂದು ಎಲ್ಲರಿಗೂ ತೋರಿಸುತ್ತದಂತೆ.

ಈ ಕತೆಯನ್ನು ಗೆಳೆಯನಿಗೆ ಹೇಳಿದಾಗ ಅವನು ನಕ್ಕು, ‘ನಿಮ್ಮ ಹೆಸರ ಸಮುದ್ರ ದಾಟತೈತಿ, ನಮ್ಮದು ಚಂದ್ರಾ ಲೇಔಟ್ ದಾಟಂಗಿಲ್ಲ’ ಎಂದ. ಅವನ ಪೇಚು ಅಲ್ಲಿಗೆ ಮುಗಿಯುವುದೂ ಇಲ್ಲ. ಮಗಳ ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕಾದಾಗ, ಬಾಡಿಗೆ ಮನೆಯಲ್ಲಿ ಮುಚ್ಚಿಟ್ಟದ್ದನ್ನು ಇನ್ನೊಂದು ಕಿಟಕಿಯಲ್ಲಿ ಬಿಚ್ಚಿ ತೋರಿಸಬೇಕು. ಊರಿನ ಶಾಲಾ ದಾಖಲೆಯಲ್ಲಿ ಮಾದರ, ಅಂಕಪಟ್ಟಿಯಲ್ಲಿ ಎಂ, ಮಗಳ ಜನನಪತ್ರದಲ್ಲಿ ಮುಧೋಳ. ಇವೆಲ್ಲ ಒಬ್ಬನದೇ ಹೆಸರು ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿ ಕೊಟ್ಟ. ಒಬ್ಬ ಮನುಷ್ಯ ತಾನು ಒಬ್ಬನೇ ಎಂದು ಪ್ರಮಾಣ ಮಾಡಿ ಹೇಳುವ ಆ ಕಾಗದದ ಪ್ರತಿಯೊಂದನ್ನು ಅವನು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾನೆ. ಆಗಾಗ ಬೇಕಾಗುತ್ತದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ, ‘ನನ್ನ ಹೆಸರ ಹಾಕಬ್ಯಾಡ, ಊರ ಹಾಕು. ಮುಧೋಳದಾಗ ಸಾವಿರಾರು ಮಂದಿ ಅದೀವಿ’ ಎಂದ.

ಅವನ ಮಗಳು ಈಗ ನಮ್ಮ ಕಾಲೇಜಿನಲ್ಲೇ ಎರಡನೇ ಪಿಯು. ಹಾಜರಿ ಪುಸ್ತಕದಲ್ಲಿ ಅವಳು ಮುಧೋಳ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವಳು ಮಾದಾರ ಚೆನ್ನಯ್ಯನ ಮೇಲೆ ಒಂದು ಲೇಖನ ಕೊಟ್ಟಳು. ಬಸವಣ್ಣ ತನ್ನನ್ನು ಚೆನ್ನಯ್ಯನ ಮನೆಯ ಮಗನೆಂದು ಹೇಳಿಕೊಂಡದ್ದನ್ನು ಹಿಡಿದು ಚೆನ್ನಾಗಿಯೇ ಬರೆದಿದ್ದಳು. ಕೆಳಗೆ ಸಹಿ ಮಾಡುವಲ್ಲಿ ತನ್ನ ಹೆಸರು, ಅದರ ಮುಂದೆ ಮಾದರ, ಅದರ ಮುಂದೆ ಮುಧೋಳ. ಮೂರನ್ನೂ ಪೂರ್ತಿಯಾಗಿ, ಇನಿಷಿಯಲ್ ಇಲ್ಲದೆ. ಹಾಗೇ ಅಚ್ಚಿಗೆ ಕೊಡಲೇ ಎಂದು ಕೇಳಿದೆ. ‘ಬೇರೆಯವರು ಬಸವಣ್ಣನಿಗೆ ಚಪ್ಪಾಳೆ ಹೊಡೀತಾರೆ ಮಿಸ್, ಅವನು ಯಾರ ಮಗ ಆಗೋಕೆ ಆಸೆಪಟ್ಟನೋ ಆ ಮನೆಯವರು ನಾವು’ ಎಂದಳು. ಆಕೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಮಾತೂ ಬೆಂಗಳೂರಿನದೇ.

ಸಂಜೆ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ಖುಷಿಯಾದನೋ ಗಾಬರಿಯಾದನೋ ದನಿಯಲ್ಲಿ ತಿಳಿಯಲಿಲ್ಲ. ‘ಬರೀಲಿ ಬಿಡು. ಪುಸ್ತಕದಾಗ ಬರೀಲಿ, ಎಲ್ಲಿ ಬೇಕಾದ್ರೂ ಬರೀಲಿ. ಬಾಡಗಿ ಕರಾರಪತ್ರದಾಗ ಮಾತ್ರ ಬ್ಯಾಡ ಅಂತ ಹೇಳು’ ಅಂದ. ಸಂಚಿಕೆ ಅಚ್ಚಾಗಿ ಬರುವುದು ಫೆಬ್ರವರಿಯಲ್ಲಿ. ಅವನ ಹನ್ನೊಂದು ತಿಂಗಳ ಕರಾರು ಮುಗಿಯುವುದು ಮಾರ್ಚಿನಲ್ಲಿ. ಮನೆ ಮಾಲೀಕರ ಮೊಮ್ಮಗನೂ ನಮ್ಮ ಕಾಲೇಜಿನಲ್ಲೇ ಓದುತ್ತಾನೆ.